ಲಾಂಗ್‌ಇಯರ್‌ಬಿಯೆನ್‌ಗೆ ಸಂಸಾರ ಸಮೇತ ಹೋಗುವ ಮುನ್ನ

ಪ್ರಶ್ನೆ: ನಾನು ದುಬೈನ ಹೋಟೆಲೊಂದರಲ್ಲಿ ಶೆಫ್. ಊರು ಕುಂದಾಪುರದ ಹತ್ತಿರ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಇಯರ್‌ಬಿಯೆನ್ ಎಂಬ ಊರಿನ ಹೋಟೆಲಿನಲ್ಲಿ ಕೆಲಸ ಸಿಗುವ ಹಾಗಿದೆ. ಅಲ್ಲಿಗೆ ವೀಸಾ ಬೇಡವಂತೆ, ತೆರಿಗೆಯೂ ಕಡಿಮೆಯಂತೆ. ಹೆಂಡತಿ ಮತ್ತು ಐದು ವರ್ಷದ ಮಗಳನ್ನು ಕರೆದುಕೊಂಡು ಹೋಗಿ ನೆಲೆಸಬಹುದೇ? ಎರಡನೇ ಮಗುವಿನ ಯೋಚನೆಯೂ ಇದೆ. ನಾವು ಸಸ್ಯಾಹಾರಿಗಳು. ಏನೇನು ತಯಾರಿ ಬೇಕು?

ಉತ್ತರ: ನೀವು ಕೇಳಿರುವ ಎರಡೂ ಮಾತು ನಿಜ. ಎರಡಕ್ಕೂ ಮೂಲ ಒಂದೇ ಕಾಗದ. 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾಗಿ 1925ರಲ್ಲಿ ಜಾರಿಗೆ ಬಂದ ಸ್ವಾಲ್ಬಾರ್ಡ್ ಒಪ್ಪಂದ ಈ ದ್ವೀಪಗಳನ್ನು ನಾರ್ವೆಗೆ ಕೊಟ್ಟಿತು. ಜೊತೆಗೆ ಎರಡು ಷರತ್ತು ಹಾಕಿತು. ಒಪ್ಪಂದಕ್ಕೆ ಸೇರಿದ ದೇಶಗಳ ಪ್ರಜೆಗಳು ಅಲ್ಲಿ ಸಮಾನವಾಗಿ ಇದ್ದು ದುಡಿಯಬಹುದು. ಅಲ್ಲಿ ಎತ್ತಿದ ತೆರಿಗೆ ಅಲ್ಲಿಯ ಆಡಳಿತಕ್ಕೆ ಮಾತ್ರ ಖರ್ಚಾಗಬೇಕು. ಅಂದಿನ ಬ್ರಿಟಿಷ್ ಇಂಡಿಯಾವೂ ಇದಕ್ಕೆ ಸೇರಿತ್ತು. ಹೀಗಾಗಿ ಅಲ್ಲಿ ಇರಲು ನಿಮಗೆ ವೀಸಾವಾಗಲಿ ಕೆಲಸದ ಪರವಾನಗಿಯಾಗಲಿ ಬೇಡ. ತೆರಿಗೆಯೂ ಕಡಿಮೆ. ಆದರೆ ತೆರಿಗೆ ಕಡಿಮೆ ಇರುವ ಕಡೆ ಸರ್ಕಾರದ ಆಸರೆಯೂ ಕಡಿಮೆ. ನಾರ್ವೆಯ ಮುಖ್ಯಭೂಮಿಯಲ್ಲಿ ಸಿಗುವ ಸಾಮಾಜಿಕ ನೆರವು ಇಲ್ಲಿ ಇಲ್ಲ. ಕೆಲಸ, ಮನೆ, ಆರೋಗ್ಯ ಮೂರೂ ಗಟ್ಟಿಯಾಗಿರುವವರೆಗೆ ಇರಬಹುದು. ಸ್ವಂತ ಖರ್ಚು ನೋಡಿಕೊಳ್ಳಲಾಗದವರನ್ನು ವಾಪಸ್ ಕಳಿಸುವ ಅಧಿಕಾರ ಅಲ್ಲಿಯ ಗವರ್ನರ್‌ಗೆ, ಅಂದರೆ ಸಿಸೆಲ್‌ಮೆಸ್ಟರ್‌ಗೆ, ಇದೆ.

ಆದ್ದರಿಂದ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಹೋಗಿ, ಆದರೆ ಮೊದಲು ಒಬ್ಬರೇ ಹೋಗಿ. ಒಂದು ಪೂರ್ತಿ ಚಳಿಗಾಲ ಕಳೆದು, ಸಂಸಾರಕ್ಕೆ ಆಗುವ ಮನೆ ನಿಮ್ಮ ಹೆಸರಿಗೆ ಖಾತ್ರಿಯಾದ ಮೇಲೆ ಅವರನ್ನು ಕರೆಸಿಕೊಳ್ಳಿ. ಮತ್ತು ವಾಪಸ್ ಬರುವ ದಾರಿಯನ್ನು ಹೊರಡುವ ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ.

ಆ ದಾರಿಯಲ್ಲೇ ಮೊದಲ ಗಂಟು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ಅಲ್ಲಿಗೆ ಹೋಗುವ ಸಾಮಾನ್ಯ ವಿಮಾನಗಳೆಲ್ಲ ಮುಖ್ಯಭೂಮಿಯ ಓಸ್ಲೊ ಅಥವಾ ಟ್ರೊಮ್ಸೊ ಮೂಲಕವೇ ಹೋಗುತ್ತವೆ. ನಾರ್ವೆಯ ಮುಖ್ಯಭೂಮಿ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿದೆ; ಸ್ವಾಲ್ಬಾರ್ಡ್ ಹೊರಗಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಓಸ್ಲೊದಲ್ಲಿ ಇಳಿಯಲು ಷೆಂಗೆನ್ ವೀಸಾ ಬೇಕು. ಅಲ್ಲಿಂದ ಉತ್ತರಕ್ಕೆ ಹಾರುವಾಗ ಪಾಸ್‌ಪೋರ್ಟ್ ತಪಾಸಣೆ ದಾಟಿದಿರೆಂದರೆ ಷೆಂಗೆನ್‌ನಿಂದ ಹೊರಬಿದ್ದಿರಿ ಎಂದು ದಾಖಲಾಗುತ್ತದೆ. ನಿಮ್ಮದು ಒಂದೇ ಪ್ರವೇಶದ ವೀಸಾ ಆಗಿದ್ದರೆ ಅದು ಅಲ್ಲಿಗೆ ಮುಗಿಯಿತು. ವಾಪಸ್ ಓಸ್ಲೊಗೆ ಬರಲು ಅದು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಕನಿಷ್ಠ ಎರಡು ಪ್ರವೇಶದ ವೀಸಾ, ಸಾಧ್ಯವಾದರೆ ಹಲವು ಪ್ರವೇಶದ್ದು, ಕೇಳಬೇಕು. ಅರ್ಜಿಯ ಜೊತೆಗಿನ ಪತ್ರದಲ್ಲಿ ‘ಸ್ವಾಲ್ಬಾರ್ಡ್‌ಗೆ ಹೋಗಿ ಬರಲು’ ಎಂದು ಬಿಡಿಸಿ ಬರೆಯಿರಿ. ಕೆಲಸದ ಕರಾರು, ಮನೆಯ ಪತ್ರ, ಲಾಂಗ್‌ಇಯರ್‌ಬಿಯೆನ್‌ವರೆಗಿನ ಟಿಕೆಟ್ ಬುಕಿಂಗ್ ಲಗತ್ತಿಸಿ. ನೀವು ದುಬೈನ ನಿವಾಸಿಯಾದ್ದರಿಂದ ಅರ್ಜಿ ಅಲ್ಲಿಂದಲೇ ಹಾಕಬೇಕು, ಮನೆಯವರು ಊರಲ್ಲಿದ್ದರೆ ಅವರದು ಭಾರತದಿಂದ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ, 15 ದಿನಕ್ಕಿಂತ ತಡವಾಗಬಾರದು. ದೊಡ್ಡವರಿಗೆ ಶುಲ್ಕ 90 ಯೂರೊ, ಆರು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಇದಕ್ಕಿಂತ ಬಿಗಿಯಾದ ಇನ್ನೊಂದು ಗಂಟಿದೆ, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಲಾಂಗ್‌ಇಯರ್‌ಬಿಯೆನ್‌ನಲ್ಲಿ ಭಾರತದ ದೂತಾವಾಸ ಇಲ್ಲ, ಇರುವುದು ಓಸ್ಲೊದಲ್ಲಿ. ಪಾಸ್‌ಪೋರ್ಟ್ ನವೀಕರಣಕ್ಕೆ ಓಸ್ಲೊಗೆ ಹೋಗಬೇಕಾಗಿ ಬಂದರೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ವೀಸಾ ಸಿಗಬೇಕಾದರೆ ಪಾಸ್‌ಪೋರ್ಟಿನ ಅವಧಿ ಪ್ರಯಾಣ ಮುಗಿದ ಮೇಲೂ ಮೂರು ತಿಂಗಳು ಉಳಿದಿರಬೇಕು, ಎರಡು ಖಾಲಿ ಪುಟ ಇರಬೇಕು. ಪಾಸ್‌ಪೋರ್ಟ್ ಅವಧಿ ಮುಗಿಯಲು ಬಂದವರು ಈ ಸುಳಿಯಲ್ಲಿ ಸಿಕ್ಕಿಬಿದ್ದರೆ ದ್ವೀಪ ಬಿಟ್ಟು ಕದಲುವುದೇ ಕಷ್ಟ. ನಿಮ್ಮ ಮೂವರ ಪಾಸ್‌ಪೋರ್ಟ್‌ಗಳನ್ನೂ ಈಗಲೇ ತೆಗೆದು ನೋಡಿ. ಮಗಳದು ಐದೇ ವರ್ಷದ ಅವಧಿಯದು, ಅದೇ ಮೊದಲು ಮುಗಿಯುತ್ತದೆ. ಉಳಿದ ಅವಧಿ ಕಡಿಮೆಯಿದ್ದರೆ ಹೊರಡುವ ಮೊದಲೇ ಹೊಸದು ಮಾಡಿಸಿ. ಅಲ್ಲಿಗೆ ಹೋದ ಮೇಲೆ ಷೆಂಗೆನ್ ವೀಸಾ ಮುಗಿಯುವುದಕ್ಕೆ ಎರಡು ತಿಂಗಳು ಇರುವಾಗಲೇ ಗವರ್ನರ್ ಕಚೇರಿಗೆ ಹೋಗಿ ಮುಂದಿನದಕ್ಕೆ ಏನು ಮಾಡಬೇಕೆಂದು ವಿಚಾರಿಸಿ. ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಎಂಬ ಫೋನ್ ಬಂದ ದಿನ ಕೈಯಲ್ಲಿ ಚಾಲ್ತಿಯ ವೀಸಾ ಇರಬೇಕು.

ಇನ್ನೊಂದು ಎಚ್ಚರಿಕೆ. ‘ಸ್ವಾಲ್ಬಾರ್ಡ್ ವರ್ಕ್ ವೀಸಾ’ ಎಂಬುದೇ ಇಲ್ಲ. ಅದನ್ನು ಮಾಡಿಸಿಕೊಡುತ್ತೇನೆ ಎಂದು ಯಾವ ಏಜೆಂಟ್ ದುಡ್ಡು ಕೇಳಿದರೂ ಅದು ಮೋಸ. ಹಾಗೆಯೇ ಸ್ವಾಲ್ಬಾರ್ಡ್‌ನಲ್ಲಿ ನಾಲ್ಕೈದು ವರ್ಷ ಇದ್ದರೆ ನಾರ್ವೆಯ ಕಾಯಂ ನಿವಾಸ ಸಿಗುತ್ತದೆ ಎಂಬುದೂ ಸುಳ್ಳು. ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ನಿವಾಸಕ್ಕಾಗಲಿ ಪೌರತ್ವಕ್ಕಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಆಸೆಯಿಂದ ಹೊರಟಿದ್ದರೆ ಇಲ್ಲಿಗೇ ನಿಲ್ಲಿಸಿ.

ಈಗ ಮನೆ. ಈ ಊರಿನಲ್ಲಿ ಮನೆ ಸಿಗದ ಕೆಲಸ ಕೆಲಸವೇ ಅಲ್ಲ. ಸುಮಾರು 2,500 ಜನರ ಊರು, ಹೆಚ್ಚಿನ ಮನೆಗಳು ಕಂಪನಿಗಳ, ಸರ್ಕಾರದ ಅಥವಾ ಸ್ಥಳೀಯ ಆಡಳಿತದ ಕೈಯಲ್ಲಿವೆ. ಬೋರ್ಡ್ ನೋಡಿ ಬಾಡಿಗೆಗೆ ಹಿಡಿಯುವ ಪದ್ಧತಿ ಇಲ್ಲವೆಂದರೂ ಸರಿ. ಅದರ ಮೇಲೆ 2015ರ ಡಿಸೆಂಬರ್ 19ರಂದು ಪಕ್ಕದ ಗುಡ್ಡದಿಂದ ಹಿಮ ಕುಸಿದು 11 ಮನೆಗಳು ಹಾಳಾದವು, ಇಬ್ಬರು ಸತ್ತರು. 2017ರಲ್ಲಿ ಮತ್ತೆ ಕುಸಿಯಿತು. ಆಮೇಲೆ ಗುಡ್ಡದ ಬುಡದ ಮನೆಗಳನ್ನು ಸಾಲಾಗಿ ಖಾಲಿಮಾಡಿಸಿದರು. ಮೊದಲೇ ಕಡಿಮೆಯಿದ್ದ ಮನೆಗಳು ಇನ್ನೂ ಕಡಿಮೆಯಾದವು. ಹಾಗಾಗಿ ಕರಾರಿನಲ್ಲಿ ಮನೆಯ ವಿಷಯ ಬರಹದಲ್ಲಿ ಇರಲಿ: ಸ್ವಂತ ಕೋಣೆಯೋ ಹಂಚಿಕೊಳ್ಳುವುದೋ, ಅಡುಗೆಮನೆ ಯಾರ ಜೊತೆ, ಬಾಡಿಗೆಯೆಂದು ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಹೆಂಡತಿ ಮಕ್ಕಳು ಇರಲು ಒಪ್ಪಿಗೆ ಇದೆಯೇ, ಕೆಲಸ ಬಿಟ್ಟ ಎಷ್ಟು ದಿನಕ್ಕೆ ಕೋಣೆ ಖಾಲಿ ಮಾಡಬೇಕು. ಈ ಕೊನೆಯದು ಮುಖ್ಯ. ನಾರ್ವೆಯಲ್ಲಿ ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು, ಆ ಅವಧಿಯಲ್ಲಿ 14 ದಿನದ ನೋಟಿಸ್ ಸಾಕು. ಕೆಲಸದ ಜೊತೆಗೇ ಮನೆಯೂ ಹೋಗುವ ಕರಾರಾದರೆ ಎರಡು ವಾರದಲ್ಲಿ ಮೂರು ಜನ ಎಲ್ಲಿಗೆ ಹೋಗುತ್ತೀರಿ? ಮೂರು ತಿಂಗಳ ಖರ್ಚು ಮತ್ತು ಎಲ್ಲರ ವಾಪಸ್ ಟಿಕೆಟ್ಟಿನ ಹಣವನ್ನು ಮುಟ್ಟದೆ ಪಕ್ಕಕ್ಕಿಡಿ.

ನೀವು ಶೆಫ್ ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಬೇಕು. ಅಲ್ಲಿಯ ಹೋಟೆಲುಗಳ ಮೆನುವಿನಲ್ಲಿ ಹಿಮಸಾರಂಗ ಸಾಮಾನ್ಯ, ಸೀಲ್ ಮತ್ತು ತಿಮಿಂಗಿಲದ ಮಾಂಸವೂ ಇರುತ್ತದೆ. ಅವನ್ನು ಕತ್ತರಿಸಿ ಬೇಯಿಸಲು ನಿಮಗೆ ಅಭ್ಯಂತರ ಇಲ್ಲವೇ? ಇದ್ದರೆ ಸಹಿಗೆ ಮೊದಲೇ ಹೇಳಿ.

ಹಣದ ಲೆಕ್ಕ ಬೇಗ ಮುಗಿಯುತ್ತದೆ. ಸಂಬಳದ ಮೇಲೆ 8% ತೆರಿಗೆ, ಅದರ ಮೇಲೆ ರಾಷ್ಟ್ರೀಯ ವಿಮೆಗೆ ಸುಮಾರು 8%. ವ್ಯಾಟ್ ಇಲ್ಲ. ಹೀಗಾಗಿ ಜಾಕೆಟ್, ಬೂಟು ಮುಖ್ಯಭೂಮಿಗಿಂತ ಅಗ್ಗ. ಆದರೆ ತರಕಾರಿ, ಹಣ್ಣು, ಹಾಲು ಹಡಗಿನಲ್ಲಿ ಅಥವಾ ವಿಮಾನದಲ್ಲಿ ಬರಬೇಕು, ಆ ಸಾಗಣೆ ಬೆಲೆಯಲ್ಲಿ ಸೇರಿರುತ್ತದೆ. ವಿದ್ಯುತ್ತೂ ದುಬಾರಿ: ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು 2023ರ ಅಕ್ಟೋಬರ್‌ನಲ್ಲಿ ನಿಲ್ಲಿಸಿ ಡೀಸೆಲ್‌ಗೆ ಬದಲಾಯಿಸಿದರು. ಕರೆಂಟ್ ಮತ್ತು ಬಿಸಿಯೂಡಿಕೆಯ ಬಿಲ್ ಯಾರದೆಂದು ಕೇಳಿ. ಆರು ತಿಂಗಳಿಗಿಂತ ಹೆಚ್ಚು ಇರುವವರು ಊರಿನ ತೆರಿಗೆ ಕಚೇರಿಯಲ್ಲಿ ಸ್ವಾಲ್ಬಾರ್ಡ್‌ನ ಜನಸಂಖ್ಯಾ ದಾಖಲೆಗೆ ಹೆಸರು ಬರೆಸಬೇಕು. ಇಳಿದ ಮೊದಲ ವಾರವೇ ಹೋಗಿ. ಡಿ-ನಂಬರ್ ಎಂಬ 11 ಅಂಕಿಯ ಗುರುತಿನ ಸಂಖ್ಯೆಯೂ ಬೇಕು. ಅದಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆಯಿಲ್ಲದೆ ಆನ್‌ಲೈನ್ ಗುರುತಾದ ಬ್ಯಾಂಕ್‌ಐಡಿ ಇಲ್ಲ, ಅದಿಲ್ಲದೆ ಅಲ್ಲಿ ಅರ್ಧ ಕೆಲಸ ನಡೆಯುವುದಿಲ್ಲ. ಇದೆಲ್ಲ ಮುಗಿಯಲು ವಾರಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ದುಬೈ ಖಾತೆಯನ್ನು ಮುಚ್ಚಬೇಡಿ, ವಿದೇಶದಲ್ಲಿ ನಡೆಯುವ ಎರಡು ಬೇರೆ ಬೇರೆ ಕಾರ್ಡ್ ಜೊತೆಗಿರಲಿ. ನಾರ್ವೆಯ ತೆರಿಗೆ ಒಪ್ಪಂದಗಳು ಸಾಮಾನ್ಯವಾಗಿ ಸ್ವಾಲ್ಬಾರ್ಡನ್ನು ಹೊರಗಿಡುತ್ತವೆ. ಭಾರತದ ತೆರಿಗೆಯ ವಿಷಯವನ್ನು ಊರಿನ ಆಡಿಟರ್ ಹತ್ತಿರ ಮಾತಾಡಿ.

ಎರಡನೇ ಮಗುವಿನ ವಿಷಯ. ಲಾಂಗ್‌ಇಯರ್‌ಬಿಯೆನ್ ಆಸ್ಪತ್ರೆ ಚಿಕ್ಕದು, ಟ್ರೊಮ್ಸೊದಲ್ಲಿರುವ ಉತ್ತರ ನಾರ್ವೆಯ ವಿಶ್ವವಿದ್ಯಾಲಯ ಆಸ್ಪತ್ರೆಯ ಒಂದು ಶಾಖೆ. ತುರ್ತು ಚಿಕಿತ್ಸೆ ಇದೆ, ಹೆರಿಗೆ ವ್ಯವಸ್ಥೆ ಇಲ್ಲ. ಗರ್ಭಿಣಿಯರು ದಿನ ತುಂಬುವುದಕ್ಕೆ ಸುಮಾರು ಮೂರು ವಾರ ಮೊದಲೇ ಮುಖ್ಯಭೂಮಿಗೆ ಹೋಗಬೇಕು. ನಾರ್ವೆಯ ಕಂಪನಿಯಲ್ಲಿ ದುಡಿಯುವ ನೀವು ರಾಷ್ಟ್ರೀಯ ವಿಮೆಯೊಳಗೆ ಬರುತ್ತೀರಿ. ಕೆಲಸಕ್ಕೆ ಹೋಗದ ಹೆಂಡತಿಗೆ ಆ ವಿಮೆ ತಾನಾಗಿಯೇ ಬರುತ್ತದೆಂದು ಮಾತ್ರ ಭಾವಿಸಬೇಡಿ. ನಾರ್ವೆಯ ಕಲ್ಯಾಣ ಇಲಾಖೆ ನಾವ್‌ನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ವಿಮೆಯಿಲ್ಲದೆ ಟ್ರೊಮ್ಸೊದಲ್ಲಿ ಹೆರಿಗೆಯಾದರೆ ಬಿಲ್ ನಿಮ್ಮ ತಲೆಗೇ. ಬಾಣಂತನಕ್ಕೆ ಕೈಜೋಡಿಸುವವರೂ ಅಲ್ಲಿ ಇರುವುದಿಲ್ಲ. ಏಳನೇ ತಿಂಗಳ ಹೊತ್ತಿಗೆ ತವರಿಗೆ ಕಳಿಸುವುದೇ ಸರಿಯಾದ ಏರ್ಪಾಡು: 28 ವಾರದ ನಂತರ ಅನೇಕ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಹೆಚ್ಚಿನವು ಹತ್ತಿಸಿಕೊಳ್ಳುವುದಿಲ್ಲ. ಮನೆಯವರೆಲ್ಲರಿಗೂ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಭರಿಸುವ ಖಾಸಗಿ ವಿಮೆ ಇರಲಿ. ಪಾಲಿಸಿಯಲ್ಲಿ ಸ್ವಾಲ್ಬಾರ್ಡ್ ಹೆಸರು ಇದೆಯೇ ಎಂದು ಓದಿ ನೋಡಿ, ‘ನಾರ್ವೆ’ ಎಂದಿದ್ದರೆ ಸಾಲದು. ಹಲ್ಲಿನ ಕೆಲಸ ಊರಲ್ಲೇ ಮುಗಿಸಿಕೊಂಡು ಹೊರಡಿ. ವಯಸ್ಸಾದ ತಂದೆತಾಯಿಯನ್ನು ಜೊತೆಗಿಟ್ಟುಕೊಳ್ಳುವ ಊರು ಇದಲ್ಲ. ವೃದ್ಧರ ಆರೈಕೆಯ ವ್ಯವಸ್ಥೆಯೇ ಅಲ್ಲಿಲ್ಲ.

ಮಗಳ ಶಾಲೆಯ ಬಗ್ಗೆ ಅಷ್ಟು ಚಿಂತೆ ಬೇಡ. ಶಿಶುವಿಹಾರವೂ ಇದೆ, ಶಾಲೆಯೂ ಇದೆ. ಪಾಠ ನಾರ್ವೇಜಿಯನ್‌ನಲ್ಲಿ ನಡೆಯುತ್ತದೆ. ಆರು ತುಂಬುವ ವರ್ಷ ಒಂದನೇ ತರಗತಿ. ಆ ವಯಸ್ಸಿನ ಮಕ್ಕಳು ಭಾಷೆಯನ್ನು ಬೇಗ ಹಿಡಿಯುತ್ತಾರೆ. ನಿಜವಾದ ಕಷ್ಟ ಮನೆಯಲ್ಲಿ ಒಬ್ಬರೇ ಉಳಿಯುವ ಹೆಂಡತಿಯದು. ಊರಿನಲ್ಲಿ 50ಕ್ಕೂ ಹೆಚ್ಚು ದೇಶಗಳ ಜನ ಇದ್ದಾರೆ, ಥಾಯ್ ಮತ್ತು ಫಿಲಿಪ್ಪೀನ್ ಜನ ಬಹಳ, ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಆದರೂ ಹೆಂಡತಿಗೂ ಒಂದು ಕೆಲಸ, ಅರ್ಧ ದಿನದ್ದಾದರೂ, ಖಾತ್ರಿಯಾಗದೆ ಕರೆದುಕೊಂಡು ಹೋಗಬೇಡಿ. ಇದನ್ನು ಒತ್ತಿ ಹೇಳಲು ಕಾರಣ ಕತ್ತಲೆ.

ಊರು ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಕ್ಟೋಬರ್ 26ರ ಸುಮಾರಿಗೆ ಮುಳುಗಿದ ಸೂರ್ಯ ಫೆಬ್ರುವರಿ ಮಧ್ಯದವರೆಗೆ ದಿಗಂತದ ಮೇಲೆ ಬರುವುದಿಲ್ಲ. ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ಆಕಾಶ ರಾತ್ರಿಯಂತೆಯೇ. ಊರು ಕಣಿವೆಯಲ್ಲಿರುವುದರಿಂದ ಬೆಳಕು ಬೀದಿಗೆ ಇಳಿಯುವುದು ಇನ್ನೂ ತಡ. ಮಾರ್ಚ್ 8ರಂದು ಹಳೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೊದಲ ಬಿಸಿಲು ಬೀಳುವುದನ್ನು ಕಾಯಲು ಊರಿಗೆ ಊರೇ ಸೇರುತ್ತದೆ, ಮಕ್ಕಳು ಸೂರ್ಯನನ್ನು ಕೂಗಿ ಕರೆಯುತ್ತಾರೆ. ನಮ್ಮ ಸಂಕ್ರಾಂತಿ, ರಥಸಪ್ತಮಿ ಎರಡೂ ಅಲ್ಲಿ ಸೂರ್ಯ ಕಾಣದ ದಿನಗಳಲ್ಲೇ ಬರುತ್ತವೆ. ಆಮೇಲೆ ಏಪ್ರಿಲ್ 20ರಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ.

ದೇಹದ ಗಡಿಯಾರ ಎರಡು ಬಾರಿ ಕೆಡುತ್ತದೆ. ಕತ್ತಲಲ್ಲಿ ದಿನವಿಡೀ ನಿದ್ದೆಗಣ್ಣು, ರಾತ್ರಿ ಎಚ್ಚರ. ಬೆಳಕಿನಲ್ಲಿ ಮಕ್ಕಳು ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. 10,000 ಲಕ್ಸ್‌ನ ಬೆಳಕಿನ ದೀಪ ತೆಗೆದುಕೊಂಡು ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಅದರ ಮುಂದೆ ಕೂರಿ, ಸಂಜೆ ಬೇಡ. ಕಣ್ಣಿನ ಕಾಯಿಲೆ ಅಥವಾ ಮನೋರೋಗದ ಔಷಧಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಬೇಸಿಗೆಗೆ ಬೆಳಕು ತೂರದ ದಪ್ಪ ಪರದೆ ಬೇಕು. ನಾರ್ವೆಯವರು ವಿಟಮಿನ್ ಡಿಗೆ ಕಾಡ್ ಮೀನಿನ ಎಣ್ಣೆ ಕುಡಿಯುತ್ತಾರೆ. ನೀವು ಸಸ್ಯಮೂಲದ ಮಾತ್ರೆ ಒಯ್ಯಿರಿ, ದಿನಕ್ಕೆ 10 ಮೈಕ್ರೊಗ್ರಾಂ ಅಲ್ಲಿಯ ಸಾಮಾನ್ಯ ಶಿಫಾರಸು. ಸಸ್ಯಾಹಾರಿಗಳು ಬಿ12 ಸಹ ನೋಡಿಕೊಳ್ಳಿ. ಮತ್ತು ನವೆಂಬರ್‌ನಲ್ಲಿ ಹೋಗಿ ಇಳಿಯಬೇಡಿ. ಫೆಬ್ರುವರಿ ಕೊನೆ, ಮಾರ್ಚ್ ಒಳ್ಳೆಯ ಸಮಯ. ಬೆಳಕು ದಿನದಿನಕ್ಕೆ ಏರುತ್ತದೆ, ಹೋಟೆಲಿಗೂ ಅದು ಪ್ರವಾಸಿಗರ ಕಾಲ.

ಚಳಿ ನೀವು ಅಂದುಕೊಂಡಷ್ಟು ಭಯಂಕರವಲ್ಲ, ಗಾಳಿ ಅಂದುಕೊಂಡದ್ದಕ್ಕಿಂತ ಭಯಂಕರ. ಚಳಿಗಾಲದಲ್ಲಿ ಮೈನಸ್ 10ರಿಂದ ಮೈನಸ್ 20 ಡಿಗ್ರಿ ಸಾಮಾನ್ಯ. ಮೈನಸ್ 15ರಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ ತೆರೆದ ಚರ್ಮಕ್ಕೆ ಮೈನಸ್ 27ರಂತೆ ತಾಗುತ್ತದೆ. ಊರಲ್ಲಿ ಅಥವಾ ದುಬೈನಲ್ಲಿ ಚರ್ಮದ ಜಾಕೆಟ್, ದಪ್ಪ ಹತ್ತಿ ಸ್ವೆಟರ್ ಕೊಳ್ಳಬೇಡಿ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಮರಗಟ್ಟಿಸುತ್ತದೆ. ಮೈಗೆ ತಾಗುವುದು ಉಣ್ಣೆ, ಅದರ ಮೇಲೆ ಇನ್ನೊಂದು ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಪದರ. ಬೂಟು ಎರಡು ಕಾಲುಚೀಲ ಹಾಕಿಯೂ ಬೆರಳು ಆಡುವಷ್ಟು ಸಡಿಲವಾಗಿರಬೇಕು. ಬಿಗಿ ಬೂಟಿನಲ್ಲಿ ರಕ್ತ ಓಡದೆ ಬೆರಳು ಹೆಪ್ಪುಗಟ್ಟುತ್ತದೆ. ಐದು ಬೆರಳಿನ ಗ್ಲೌಸ್‌ಗಿಂತ ಬೆರಳೆಲ್ಲ ಒಟ್ಟಿಗಿರುವ ಚೀಲದಂಥದ್ದು ಬೆಚ್ಚಗೆ. ಇತ್ತೀಚಿನ ವರ್ಷಗಳಲ್ಲಿ ಚಳಿಗಾಲದ ನಡುವೆಯೂ ಮಳೆ ಬಂದು ಬೀದಿಯೆಲ್ಲ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಬೂಟಿನಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಕೋಟು, ಹಣೆಗೆ ಕಟ್ಟುವ ದೀಪ ಮಗಳಿಗೂ ಬೇಕು. ಇದನ್ನೆಲ್ಲ ಅಲ್ಲಿಯೇ ಕೊಳ್ಳಿ. ಮೊದಲ ಸಂಬಳಕ್ಕೆ ಮುಂಚೆ ಬೇಕಾಗುವ ಖರ್ಚು ಇದು, ಹಣ ಕೈಯಲ್ಲಿರಲಿ.

ಮನೆಗಳು ಕಂಬಗಳ ಮೇಲೆ ನಿಂತಿವೆ. ನೆಲದೊಳಗೆ ವರ್ಷವಿಡೀ ಕರಗದ ಮಂಜಿದೆ, ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತದೆ. ಮನೆಯನ್ನು ನೆಲಕ್ಕೆ ತಾಗಿಸಿ ಕಟ್ಟಿದರೆ ಒಳಗಿನ ಬಿಸಿ ಕೆಳಗಿಳಿದು ಮಂಜು ಕರಗಿ ಗೋಡೆ ಓರೆಯಾಗುತ್ತದೆ. ಅದಕ್ಕೇ ಕೆಳಗೆ ಗಾಳಿ ಹಾಯಲು ಜಾಗ ಬಿಡುತ್ತಾರೆ, ನೀರಿನ ಕೊಳವೆಗಳೂ ನೆಲದ ಮೇಲೆಯೇ ಹೊದಿಕೆ ಹೊದ್ದು ಹೋಗುತ್ತವೆ. ಆ ಸಂದಿಯಲ್ಲಿ ಸಾಮಾನು ತುಂಬಿಡಬೇಡಿ. ಒಳಗೆ ಗಾಳಿ ಬಹಳ ಒಣ, ಮಕ್ಕಳಿಗೆ ಮೂಗಿನಿಂದ ರಕ್ತ ಬರಬಹುದು. ಮಲಗುವ ಕೋಣೆಯಲ್ಲಿ ಒದ್ದೆ ಟವೆಲ್ ಹರವಿದರೂ ಸಾಕು. ಮನೆಯಷ್ಟೇ ಅಲ್ಲ, ಹೋಟೆಲು, ಮ್ಯೂಸಿಯಂನಲ್ಲೂ ಬೂಟು ಬಾಗಿಲಲ್ಲೇ ಬಿಡಬೇಕು. ಗಣಿಯ ಕಾಲದಲ್ಲಿ ಕಲ್ಲಿದ್ದಲ ಮಸಿ ಒಳಗೆ ಬಾರದಿರಲೆಂದು ಶುರುವಾದ ಪದ್ಧತಿ. ಊರಿನ ಕೊನೆಯ ನಾರ್ವೇಜಿಯನ್ ಗಣಿ 2025ರಲ್ಲಿ ಮುಚ್ಚಿತು, ಪದ್ಧತಿ ಉಳಿದಿದೆ. ನಮ್ಮವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ.

ಹಿಮಕರಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊರಿನ ಅಂಚಿನಲ್ಲಿ ಕರಡಿಯ ಚಿತ್ರದ ತ್ರಿಕೋನ ಫಲಕಗಳಿವೆ. ಅದರಾಚೆ ಕರಡಿಯನ್ನು ಬೆದರಿಸುವ ಸಿಗ್ನಲ್ ಪಿಸ್ತೂಲಿನಂಥ ಸಾಧನ ಮತ್ತು ರಕ್ಷಣೆಗೆ ಬಂದೂಕು ಇಲ್ಲದೆ ಯಾರೂ ಕಾಲಿಡುವುದಿಲ್ಲ. 2020ರ ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕದ ಕ್ಯಾಂಪಿಂಗ್ ಜಾಗದಲ್ಲೇ ಒಬ್ಬರು ಕರಡಿಗೆ ಬಲಿಯಾದರು. ವಿದೇಶಿಯರು ಬಂದೂಕು ಬಾಡಿಗೆಗೆ ಪಡೆಯಲು ಗವರ್ನರ್ ಅನುಮತಿ ಬೇಕು. ಮೊದಲ ವರ್ಷ ಅದರ ಗೋಜಿಗೆ ಹೋಗದೆ ಗೈಡ್ ಜೊತೆಗೇ ಹೊರಗೆ ಹೋಗಿ. ಮಗಳಿಗೆ ಆ ಫಲಕ ತೋರಿಸಿ, ಅದೇ ಅವಳ ಆಟದ ಗಡಿ ಎಂದು ಮೊದಲ ದಿನವೇ ಹೇಳಿ.

ಊಟದ ಮಾತು ಉಳಿಯಿತು. ಕೂಪ್ ಅಂಗಡಿಯಲ್ಲಿ ಅಕ್ಕಿ, ಬೇಳೆಕಾಳು, ಹಾಲು, ಮೊಸರು, ಫ್ರೀಜ್ ಮಾಡಿದ ತರಕಾರಿ ಸಿಗುತ್ತವೆ. ಹವಾಮಾನ ಕೆಟ್ಟು ಸರಕು ತಡವಾದ ವಾರ ತಾಜಾ ತರಕಾರಿಯ ಕಪಾಟು ಖಾಲಿಯಾಗುತ್ತದೆ. ಎರಡು ವಾರದ ಬೇಳೆ, ಅಕ್ಕಿ, ಹಾಲಿನ ಪುಡಿ ಮನೆಯಲ್ಲಿರಲಿ. ಊರಿಂದ ಒಯ್ಯಬೇಕಾದ್ದು ಕುಚ್ಚಲಕ್ಕಿ, ಉದ್ದಿನಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಬ್ಯಾಡಗಿ ಮೆಣಸು, ಎಲ್ಲವೂ ಅಂಗಡಿಯ ಒಡೆಯದ ಪೊಟ್ಟಣಗಳಲ್ಲಿ, ಹೆಸರು ಕಾಣುವಂತೆ. ತುಪ್ಪ, ಪೇಡ, ಹಾಲಿನ ಯಾವ ಪದಾರ್ಥವೂ ಬೇಡ. ಯುರೋಪಿನಾಚೆಯಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ನಾರ್ವೆಯಲ್ಲಿ ನಿಷಿದ್ಧ, ಓಸ್ಲೊದಲ್ಲಿ ಕಿತ್ತುಕೊಳ್ಳುತ್ತಾರೆ. ಅಲ್ಲಿಯ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿ, ಘಮಘಮ ತುಪ್ಪ ಮನೆಯಲ್ಲೇ ಆಗುತ್ತದೆ.

ಮನೆಯಲ್ಲಿ ಗ್ಯಾಸ್ ಒಲೆ ಇರುವುದಿಲ್ಲ, ಕರೆಂಟಿನ ಒಲೆ ಅಥವಾ ಇಂಡಕ್ಷನ್. ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಒಯ್ಯಿರಿ. ಮಿಕ್ಸಿಗೆ ವೋಲ್ಟೇಜ್ 230, ಅದು ಹೊಂದುತ್ತದೆ; ಪ್ಲಗ್ ಹೊಂದುವುದಿಲ್ಲ, ಯುರೋಪಿನ ಎರಡು ಕಡ್ಡಿಯ ಅಡಾಪ್ಟರ್ ಬೇಕು, ಮಿಕ್ಸಿಯ ವಿದ್ಯುತ್ ತಡೆಯುವಂಥದ್ದೇ ಆಗಲಿ. ಇಡ್ಲಿ ಹಿಟ್ಟು 20 ಡಿಗ್ರಿಯ ಮನೆಯಲ್ಲಿ ಹುಳಿಯೇರಲು ಒಂದು ದಿನ ಪೂರ್ತಿ ಹಿಡಿಯುತ್ತದೆ. ಓವನ್‌ನ ಒಳದೀಪ ಮಾತ್ರ ಹಚ್ಚಿ, ಬಾಗಿಲು ಮುಚ್ಚಿ ಪಾತ್ರೆ ಇಟ್ಟರೆ ರಾತ್ರಿ ಕಳೆಯುವುದರಲ್ಲಿ ಉಬ್ಬುತ್ತದೆ. ಹಿಟ್ಟಿಗೆ ಒಂದು ಚಮಚ ಮೆಂತ್ಯ ಸೇರಿಸಿ ರುಬ್ಬಿ. ಕೊಬ್ಬರಿ ಎಣ್ಣೆ ವರ್ಷವಿಡೀ ಗಟ್ಟಿಯಾಗಿಯೇ ಇರುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿಡಿ.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಅದೇ ದ್ವೀಪದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ಇದೆ. 2023ರ ಡಿಸೆಂಬರ್‌ನಲ್ಲಿ ಶುರುವಾದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ಊರಿಗೆ ಲಾಂಗ್‌ಇಯರ್‌ಬಿಯೆನ್‌ನಿಂದ ರಸ್ತೆ ಇಲ್ಲ, ಅದು ಸಂಶೋಧಕರ ಊರು. ನಿಮ್ಮ ಕಷ್ಟಸುಖಕ್ಕೆ ಅಲ್ಲಿಂದ ನೆರವು ಸಿಗುತ್ತದೆಂದು ಎಣಿಸಬೇಡಿ.

ಈ ವಾರ ಹೋಟೆಲಿನವರಿಗೆ ಒಂದು ಇ-ಮೇಲ್ ಬರೆಯಿರಿ. ಮನೆ ಯಾವುದು, ಯಾರು ಯಾರು ಇರಬಹುದು, ಕೆಲಸ ಮುಗಿದರೆ ಎಷ್ಟು ದಿನ ಇರಬಹುದು; ನೋಟಿಸ್ ಎಷ್ಟು ದಿನ; ಷೆಂಗೆನ್ ವೀಸಾಕ್ಕೆ ಬೇಕಾದ ಪತ್ರ ಕೊಡುತ್ತೀರಾ; ವಾಪಸ್ ಟಿಕೆಟ್ ಯಾರದು. ಉತ್ತರ ಫೋನಿನಲ್ಲಿ ಬಂದರೆ ಅದನ್ನೇ ಬರೆದು ಕಳಿಸಿ ಎಂದು ಕೇಳಿ. ಬರೆದು ಕೊಡುವವರೆಗೆ ದುಬೈ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.